ಒರೆಸಬಹುದಾದ ಲೆಕ್ಕ

ಮೊನ್ನೆ ಬಟ್ಟೆಯಂಗಡಿಯೊಂದರಲ್ಲಿ ಎರಡು ಟವೆಲು ಕೊಂಡು, ಹಣ ಎಣಿಸಿ ಮುಂದಿಟ್ಟೆ. ಬಿಲ್ಲು ಬರೆಯುವ ಹುಡುಗ ಹಣ ಮುಟ್ಟುವ ಮೊದಲೇ, "ಮೊಬೈಲ್ ನಂಬರ್ ಹೇಳಿ ಸಾರ್" ಎಂದ.

"ನಾನೇನೂ ಸಾಲ ಹೇಳಲಿಲ್ಲವಲ್ಲಪ್ಪ" ಎಂದೆ.

ಅವನಿಗೆ ನನ್ನ ಮಾತು ಅರ್ಥವಾಗಲಿಲ್ಲ. ತಪ್ಪು ಅವನದಲ್ಲ, ನಾನು ಆಡಿದ್ದು ಹಳೆಯ ಕಾಲದ ಅಂಗಡಿಯ ಮಾತು.

ನಮ್ಮ ನಾಡಿನ ವರ್ತಕರು ಹಿಂದೆ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಇಂದು ಕಡತವೆಂದರೆ ಕಚೇರಿಯ ಫೈಲು. ಆಗ ಅದು, ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿದ, ಮಡಿಸಿಡಬಹುದಾದ ಬಟ್ಟೆಯ ಪಟ್ಟಿ. ಬಳಪದಿಂದ ಬರೆದದ್ದು ಬಹುಕಾಲ ನಿಲ್ಲುತ್ತಿತ್ತು. ಬೇಡವಾದಾಗ ಒರೆಸಿದರೆ ಹೋಗುತ್ತಿತ್ತು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಆ ವರ್ತಕರೆಲ್ಲ ಧರ್ಮರಾಯರಾಗಿರಲಿಲ್ಲ. ಆದರೂ ಗಿರಾಕಿಯ ಹೆಸರು ಬರೆಯಲು ಒಂದು ಬಾಕಿ ಬೇಕಿತ್ತು; ಬಾಕಿ ತೀರಿದರೆ ಆ ಬರಹಕ್ಕೆ ಕೆಲಸವಿರಲಿಲ್ಲ.

ಗಿರಾಕಿಯ ಲೆಕ್ಕವೇ ಮಾರುವ ಸರಕಾದ ಕಥೆ ಬೇರೆ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ೧೮೯೯ರಲ್ಲಿ ವುಲ್‌ಫರ್ಡ್ ಸೋದರರು, ಯಾರು ಸಾಲ ತೀರಿಸುವವರು, ಯಾರು ಅಲ್ಲ ಎಂಬುದನ್ನು ಕಲೆಹಾಕಿ ಪುಸ್ತಕ ಮಾಡಿ ವರ್ತಕರಿಗೆ ಮಾರಿದರು. ತನ್ನ ವಿಷಯವಾಗಿ ಇಂಥವರು ಏನು ಬರೆದಿಟ್ಟಿದ್ದಾರೆಂದು ತಿಳಿಯುವ ಹಕ್ಕನ್ನು ಆ ದೇಶದ ಕಾನೂನು ಗಿರಾಕಿಗೆ ಕೊಟ್ಟದ್ದು ೧೯೭೦ರಲ್ಲಿ. ೧೯೭೫ರಲ್ಲಿ ಈಕ್ವಿಫ್ಯಾಕ್ಸ್ ಎಂದು ಹೆಸರು ಬದಲಿಸಿಕೊಂಡ ಅದೇ ಸಂಸ್ಥೆಯ ಉಗ್ರಾಣಕ್ಕೆ ೨೦೧೭ರಲ್ಲಿ ಕಳ್ಳರು ಕನ್ನ ಹಾಕಿದರು. ಸುಮಾರು ೧೪.೭ ಕೋಟಿ ಜನರ ವಿವರ ಹೋಯಿತು.

ಇನ್ನು ಕಾರ್ಡಿನ ವಿಷಯ. ೧೯೫೮ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕಾ, ಫ್ರೆಸ್ನೋ ಊರಿನ ಸುಮಾರು ೬೦,೦೦೦ ಜನರಿಗೆ ಅವರು ಕೇಳದೆಯೇ ಅಂಚೆಯಲ್ಲಿ ಕಾರ್ಡು ಕಳುಹಿಸಿತು. ಮೊದಮೊದಲು ಕಾರ್ಡಿನ ಉಬ್ಬಂಕಿಗಳು ಕಾಗದದ ಚೀಟಿಯ ಮೇಲೆ ಒತ್ತಿಕೊಳ್ಳುತ್ತಿದ್ದವು. ಚೀಟಿ ಹೆಚ್ಚಾದರೆ ಇಡಲು ಜಾಗ ಸಾಲದು. ಗಣಕಯಂತ್ರ ಬಂದಮೇಲೆ ಆ ತೊಂದರೆಯೂ ತಪ್ಪಿತು. ಕೂಡಿಡುವುದು ಸುಲಭವಾಗಿ, ಅಳಿಸುವುದೇ ಒಂದು ಕೆಲಸವಾಯಿತು. ಕಾರ್ಡಿನ ಗುಪ್ತ ವಿವರಗಳನ್ನು ಹಣ ಸಂದಾಯವಾದ ಮೇಲೆ ಉಳಿಸಿಕೊಳ್ಳಬಾರದೆಂದು ಕಾರ್ಡು ಸಂಸ್ಥೆಗಳು ೨೦೦೪ರಲ್ಲಿ ಸೇರಿ ನಿಯಮ ಮಾಡಿದವು. ಆದರೆ ಅಮೆರಿಕದ ಟಿಜೆಎಕ್ಸ್ ಎಂಬ ಅಂಗಡಿ ಸಮೂಹದಲ್ಲಿ ನಡೆದ ಕಳವು ೨೦೦೭ರಲ್ಲಿ ಬಯಲಾದಾಗ, ಕಡಮೆಯೆಂದರೂ ೪.೫೭ ಕೋಟಿ ಕಾರ್ಡುಗಳ ವಿವರ ಹೋಗಿತ್ತು. ಕಳ್ಳರು ಒಳಹೊಕ್ಕದ್ದು ೨೦೦೫ರಲ್ಲಿ. ಸಿಕ್ಕಿದ್ದರಲ್ಲಿ ೨೦೦೩ರ ವ್ಯಾಪಾರದ ವಿವರಗಳೂ ಇದ್ದವು. ಸರಕು ಗಿರಾಕಿಯ ಮನೆ ಸೇರಿತ್ತು, ಹಣ ಅಂಗಡಿ ಸೇರಿತ್ತು, ಒಂದು ಕಾಸೂ ಬಾಕಿಯಿರಲಿಲ್ಲ. ಬರಹ ಮಾತ್ರ ಉಳಿದಿತ್ತು.

ಈ ವಿಷಯದಲ್ಲಿ ನಮ್ಮ ರಿಸರ್ವ್ ಬ್ಯಾಂಕು ಖಂಡಿತವಾಗಿಯೇ ನಡೆದುಕೊಂಡಿತೆನ್ನಬೇಕು. ೨೦೨೨ರ ಅಕ್ಟೋಬರ್ ೧ರಿಂದ, ಕಾರ್ಡು ಕೊಟ್ಟ ಬ್ಯಾಂಕು ಮತ್ತು ಕಾರ್ಡು ಜಾಲದ ಸಂಸ್ಥೆ ಹೊರತು ಯಾರೂ ಪೂರ್ತಿ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ವರ್ತಕನ ಬಳಿ ಉಳಿಯುವುದು ಕೊನೆಯ ನಾಲ್ಕು ಅಂಕಿ ಮತ್ತು ಬದಲಿಗೊಂದು ಟೋಕನ್. ಅದು ಆ ಅಂಗಡಿಗಷ್ಟೇ ಸಲ್ಲುತ್ತದೆ. ಕದ್ದವನು ಬೇರೆಡೆ ಅದನ್ನು ನಡೆಸಲಾರ.

ಕಾರ್ಡಿಗೇನೋ ಕಾವಲಾಯಿತು. ಹೆಸರು, ವಿಳಾಸ, ಫೋನಿನ ಸಂಖ್ಯೆಗಳ ಗತಿ? ಉದ್ದೇಶ ತೀರಿದ ಮೇಲೆ ಇವನ್ನೂ ಅಳಿಸಬೇಕೆಂದು ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಹೇಳುತ್ತದೆ. ಅಳಿಸೆಂದು ಕೇಳುವ ಹಕ್ಕೂ ಅದರಲ್ಲುಂಟು. ಆದರೆ ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಕೇಳುವ ನಾಲಗೆಯೂ ಬೇಕು.

ನನ್ನ ನಾಲಗೆಯ ಬಲ ಅಂದೇ ತಿಳಿಯಿತು. ಹಿಂದೆ ನಿಂತವರು ಗೊಣಗಿದರು. ನಾನು ಹತ್ತು ಅಂಕಿಗಳನ್ನೂ ಒಪ್ಪಿಸಿ ಟವೆಲು ತಂದೆ. ಈಗ ದಿನಕ್ಕೊಮ್ಮೆ ಆ ಅಂಗಡಿ ನನ್ನನ್ನು ನೆನೆಯುತ್ತದೆ. ಬರುವ ಭಾನುವಾರ ಹೋಗಿ, "ನನ್ನ ಬಾಕಿ ಏನೂ ಇಲ್ಲ, ಹೆಸರು ಒರೆಸಿಬಿಡಪ್ಪ" ಎಂದು ಕೇಳಬೇಕೆಂದಿದ್ದೇನೆ.