ಬೆಣ್ಣೆದೋಸೆಯ ಮಾತು, ಸೂರಿಗೆ ಸಿಕ್ಕಿಸಿದ ಚಿಪ್ಪು

ನಾಲ್ಕು ಜನ ಕೂತರೆ ತಿಂಡಿಯ ಮಾತು ಬರುತ್ತೆ. ಬೆಣ್ಣೆದೋಸೆ ಅಂದ್ರೆ ದಾವಣಗೆರೇದೇ ಅಂತ ಒಬ್ಬ. ತಟ್ಟೆ ಇಡ್ಲಿಗೆ ಬಿಡದೀಲಿ ಬಸ್ಸು ಇಳೀಬೇಕು ಅಂತ ಇನ್ನೊಬ್ಬ. ಗಿರ್ಮಿಟ್ಟು, ಮಿರ್ಚಿ ಕಾಣದ ಮೈಸೂರು ಸೀಮೆಯವರು ನೀವು ತಿಂದಿರೋದಾದ್ರೂ ಏನು ಅಂತ ಧಾರವಾಡದವನು. ಚಟ್ನಿಗೆ ಹುರಿಗಡಲೆ ಎಷ್ಟು, ಹಿಟ್ಟು ಎಷ್ಟು ಹೊತ್ತು ಹುಳಿಯಬೇಕು ಅಂತ ಜಗಳಾನೇ ಆಗಿಬಿಡುತ್ತೆ. ಇಂಥ ಮಾತು ಕೇಳೋಕೆ ಚೆಂದ. ನಾಲಗೆಗೆ ರುಚಿ ಬೇಡ ಅಂತ ಯಾವನಾದರೂ ಕ್ರಾಂತಿಕಾರಿ ಹೇಳಿದರೆ ನಾನಂತೂ ಅವನನ್ನು ನಂಬೋದಿಲ್ಲ.

ಈ ಮಾತಿನ ಜೊತೆಗೆ ಒಂದಿಷ್ಟು ಚರಿತ್ರೆಯೂ ಬರುತ್ತೆ. ಒಂದೊಂದು ತಿಂಡಿಗೂ ಒಂದೊಂದು ಹುಟ್ಟಿನ ಕತೆ. ಮದ್ದೂರು ವಡೆ 1917ರಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ, ರೈಲು ಬಂದುಬಿಡ್ತು ಅನ್ನೋ ಅವಸರದಲ್ಲಿ ಹುಟ್ಟಿತಂತೆ. ಮೈಸೂರು ಪಾಕು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಕಾಕಾಸುರ ಮಾದಪ್ಪ ಅನ್ನೋ ಬಾಣಸಿಗನ ಕೈಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಕ್ಕದೆ ರವೆ ಇಡ್ಲಿ. ಇಸವಿ ಉಂಟು, ಊರು ಉಂಟು, ಮಾಡಿದವನ ಹೆಸರೂ ಉಂಟು. ಬಾಗಿಲ ಹೊರಗೆ ನಿಂತಿದ್ದವನ ಸುದ್ದಿ ಮಾತ್ರ ಈ ಕತೆಗಳಲ್ಲಿ ಎಲ್ಲೂ ಇಲ್ಲ. ಹೋಟ್ಲು ಯಾರಿಗಾಗಿ ಹುಟ್ಟಿತು, ಅದರೊಳಗೆ ಕೂರೋಕೆ ನಮ್ಮವರು ಎಷ್ಟು ಕಾಲ ಕಾಯಬೇಕಾಯಿತು, ಕೂತ ಮೇಲೂ ನಮ್ಮ ಮನೆ ಊಟ ಆ ಬೋರ್ಡಿಗೆ ಯಾಕೆ ಏರಲಿಲ್ಲ ಅನ್ನೋದನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಇಡ್ಲಿಯ ವಂಶಾವಳಿ ಹುಡುಕೋದರಲ್ಲಿ ನಮ್ಮ ಪಂಡಿತರು ಗಟ್ಟಿಗರು. 10ನೇ ಶತಮಾನದ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಇದೆ ಅಂತಾರೆ, ಇದೆ. 1025ರ ಹೊತ್ತಿನ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅದನ್ನು ಮಾಡೋ ಕ್ರಮ ಇದೆ ಅಂತಾರೆ, ಅದೂ ನಿಜ. ಇನ್ನೊಂದು ಶತಮಾನ ದಾಟಿದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ಮಾನಸೋಲ್ಲಾಸ. ಇಲ್ಲಿಗೆ ಬಂದಾಗ ಪಂಡಿತರು ಇಡ್ಲಿ, ದೋಸೆ ಇರೋ ಪುಟ ಓದಿ ಪುಸ್ತಕ ಮುಚ್ಚಿಬಿಡ್ತಾರೆ. ಅದೇ ಪುಸ್ತಕದಲ್ಲಿ, ಅದೇ ರಾಜಭೋಜನದ ಅಧ್ಯಾಯದಲ್ಲಿ, ಹೊಲದ ಇಲಿ ಹಿಡಿದು, ಬಿಸಿ ಎಣ್ಣೆಯಲ್ಲಿ ಕೂದಲು ಹೋಗೋ ಹಾಗೆ ಮಾಡಿ, ತೊಳೆದು, ಹೊಟ್ಟೆ ಸೀಳಿ, ಉಪ್ಪು ಹುಳಿ ಹಾಕಿ ಬೇಯಿಸೋ ವಿಧಾನವೂ ಇದೆ. ಆಮೆ ಸುಡೋದು ಇದೆ. ಕರುಳಿನೊಳಗೆ ತುಂಬಿ ಬೇಯಿಸೋದು ಇದೆ. ಇವೆಲ್ಲ ಇವತ್ತಿನ ಬಸವಕಲ್ಯಾಣದಲ್ಲಿ ಕೂತು ಆಳಿದ ದೊರೆಯ ತಟ್ಟೆಗೆ ಬರುತ್ತಿದ್ದ ಪದಾರ್ಥಗಳು. ದೊರೆ ತಿಂದರೆ ಭೋಗ, ಗದ್ದೆ ಬದುವಿನಲ್ಲಿ ಕೂಲಿಯವನು ಅದೇ ಇಲಿ ಸುಟ್ಟು ತಿಂದರೆ ಹೇಸಿಗೆ! ಈ ಪುಟವನ್ನು ನಮ್ಮ ಪಠ್ಯಪುಸ್ತಕದಲ್ಲಿ ನಾನು ಕಾಣಲಿಲ್ಲ.

ಧಾನ್ಯಕ್ಕೂ ಜಾತಿ ಅಂಟಿತ್ತು ಅನ್ನೋದಕ್ಕೆ ಕನಕದಾಸರ ರಾಮಧಾನ್ಯ ಚರಿತ್ರೆಯೇ ಸಾಕ್ಷಿ. ಅದರಲ್ಲಿ ಭತ್ತಕ್ಕೂ ರಾಗಿಗೂ ಯಾರು ಮೇಲು ಅಂತ ಜಗಳ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸ್ತಾನೆ. ಭತ್ತ ಕುಂದಿ ಹೋಗುತ್ತೆ, ರಾಗಿ ಗಟ್ಟಿಯಾಗಿ ಹೊರಗೆ ಬರುತ್ತೆ. 16ನೇ ಶತಮಾನದ ಒಬ್ಬ ಕವಿ ರಾಗಿಯ ಪರ ವಕಾಲತ್ತು ಹಿಡಿಯಬೇಕಾಯಿತು ಅಂದರೆ, ರಾಗಿ ತಿನ್ನೋರನ್ನು ಆ ಕಾಲ ಹೇಗೆ ನೋಡುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ.

ಈಗ ಹೋಟ್ಲಿಗೆ ಬರೋಣ. ಮಡಿ ಮೈಲಿಗೆಯ ಸಮಾಜದಲ್ಲಿ ಮನೆಯಿಂದ ಹೊರಗೆ ತಿನ್ನೋದೇ ಒಂದು ದೋಷ. ರೈಲು, ಕೋರ್ಟು, ಕಾಲೇಜು, ಕಚೇರಿ ಬಂದವು. ಮೇಲುಜಾತಿಯವರೇ ಮೊದಲು ಪಟ್ಟಣಕ್ಕೆ ಹೋದರು, ಗುಮಾಸ್ತರಾದರು, ವಕೀಲರಾದರು. ಹೊಟ್ಟೆ ಹಸೀತಿತ್ತು, ಆದರೆ ಅಡುಗೆ ಯಾರ ಕೈಯದು? ಈ ಪ್ರಶ್ನೆಗೆ ಸಿಕ್ಕಿದ ಉತ್ತರವೇ ಬೋರ್ಡಿನ ಮೇಲಿನ 'ಬ್ರಾಹ್ಮಣ' ಅನ್ನೋ ಪದ. ಒಳಗೆ ಮೈಲಿಗೆ ಇಲ್ಲ, ನಿರ್ಭಯವಾಗಿ ಬನ್ನಿ ಅನ್ನೋ ಖಾತರಿ ಪತ್ರ ಅದು. ಇವತ್ತು ಬೆಂಗಳೂರಿನ ತಿಂಡಿಪ್ರಿಯರು ಕೈಮುಗಿದು ಸಾಲು ನಿಲ್ಲೋ ಎಂ.ಟಿ.ಆರ್. 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ್ ಕಾಫಿ ಕ್ಲಬ್. ಮಾವಳ್ಳಿ ಟಿಫಿನ್ ರೂಮ್ಸ್ ಅಂತ ಆದದ್ದು 1960ರಲ್ಲಿ. ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಹುಟ್ಟಿದ್ದು 1965ರಲ್ಲಿ. ಸಂವಿಧಾನ ಬಂದು 15 ವರ್ಷ ಆಗಿತ್ತು ಅನ್ನೋದನ್ನು ನೆನಪಿಡಿ. ಆ ಹೆಸರು ಈಗಲೂ ಇದೆ, ಇಡ್ಲಿ ಚಟ್ನಿ ಚೆನ್ನಾಗಿದೆ ಅಂತ ನನ್ನ ಗೆಳೆಯರೂ ಹೋಗ್ತಾರೆ. ಇವತ್ತು ಅಲ್ಲಿ ಯಾರ ಜಾತಿಯನ್ನೂ ಕೇಳಲ್ಲ ಅನ್ನೋದು ಸರಿ. ಆದರೆ 'ಹೊಲೇರ ಟಿಫಿನ್ ರೂಂ' ಅಂತ ಒಂದು ಬೋರ್ಡು ಬರೆಸಿ, ಗಾಂಧಿಬಜಾರಿನಲ್ಲಿ ಬಾಡಿಗೆಗೆ ಮಳಿಗೆ ಕೇಳಿ ನೋಡಿ. ಜಾತಿಯ ಹೆಸರು ಯಾರಿಗೆ ಬ್ರಾಂಡು, ಯಾರಿಗೆ ಬೈಗುಳ ಅಂತ ಗೊತ್ತಾಗುತ್ತೆ.

ಉಡುಪಿ ಹೋಟ್ಲಿನವರ ಕಷ್ಟವನ್ನು ನಾನು ಹಗುರ ಮಾಡೋದಿಲ್ಲ. 1938ರಲ್ಲಿ ಮದರಾಸಿನ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರು ಎಳೆವಯಸ್ಸಿನಲ್ಲಿ ಹೋಟ್ಲಿನ ಪಾತ್ರೆ ತೊಳೆದು ಮೇಲೆ ಬಂದವರು. 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಊಟದ ಮನೆ ತೆರೆದ ರಾಮನಾಯಕರೂ ಬರಿಗೈಯಲ್ಲಿ ಊರು ಬಿಟ್ಟವರೇ. ಬಡತನ ಅವರಿಗೂ ಇತ್ತು. ಆದರೆ ಆ ಬಡತನಕ್ಕೆ ಒಂದು ಏಣಿ ಇತ್ತು: ಮೊದಲು ಕ್ಲೀನರು, ಆಮೇಲೆ ಸಪ್ಲೈಯರು, ಆಮೇಲೆ ಅಡುಗೆ ಭಟ್ಟ, ಕಡೆಗೆ ಗಲ್ಲಾಪೆಟ್ಟಿಗೆ. ಹಟ್ಟಿಯ ಹುಡುಗನಿಗೆ ಏಣಿಯ ಮೊದಲನೇ ಮೆಟ್ಟಿಲೇ ಇರಲಿಲ್ಲ. ಅವನು ಎಂಜಲು ಲೋಟ ತೊಳೆದರೂ ಆ ಲೋಟ ಮೈಲಿಗೆ! ಊರಿನ ಸತ್ತ ದನ ಹೊರೋಕೆ ಬೇಕಾದ ಕೈ, ಒಂದು ಲೋಟ ತೊಳೆಯೋಕೆ ಬೇಡವಾಗಿತ್ತು. ಹೋಟ್ಲು ಉದ್ಯಮದ ಯಶಸ್ಸಿನ ಕತೆಗಳನ್ನು ಓದುವಾಗ ನಾನು ಈ ಮೊದಲ ಮೆಟ್ಟಿಲನ್ನೇ ಹುಡುಕ್ತೀನಿ.

ಇದರ ವಿರುದ್ಧ ಕೂಗು ಏಳಲಿಲ್ಲ ಅಂತಲ್ಲ. ದಕ್ಷಿಣದ ರೈಲ್ವೆ ಸ್ಟೇಷನ್ನುಗಳ ಊಟದ ಕೋಣೆಗಳಲ್ಲಿ ಬ್ರಾಹ್ಮಣರಿಗೆ ಬೇರೆ, ಮಿಕ್ಕವರಿಗೆ ಬೇರೆ ಜಾಗ ಇತ್ತು. ಪೆರಿಯಾರ್ ಮತ್ತು ಅವರ ಸಂಗಾತಿಗಳು ಹೋರಾಡಿ 1941ರಲ್ಲಿ ಅದನ್ನು ತೆಗೆಸಿದರು. 1957ರಲ್ಲಿ ಮದರಾಸಿನ ತಿರುವಲ್ಲಿಕೇಣಿಯ ಮುರಳಿ ಕೆಫೆಯ ಮುಂದೆ, ಬೋರ್ಡಿನಿಂದ 'ಬ್ರಾಹ್ಮಣ' ಪದ ಅಳಿಸಿ ಅಂತ ತಿಂಗಳುಗಟ್ಟಲೆ ಚಳವಳಿ ನಡೆಯಿತು. ನೂರಾರು ಜನ ಜೈಲಿಗೆ ಹೋದರು, ಪದ ಅಳಿಸಿಹೋಯಿತು. ಒಂದು ಮಾತನ್ನು ಕಹಿಯಾದರೂ ಇಲ್ಲೇ ಹೇಳಬೇಕು. ಬೋರ್ಡಿನ ಮೇಲೆ ಬ್ರಾಹ್ಮಣ ಅಂತ ಬರೆಯದ, ಬ್ರಾಹ್ಮಣರದ್ದಲ್ಲದ ಹಳ್ಳಿ ಟೀ ಅಂಗಡಿಗಳಲ್ಲಿ ಎರಡು ಲೋಟ ಹಾಗೇ ಉಳಿದವು. ತಮಿಳುನಾಡಿನಲ್ಲೂ ಉಳಿದವು, ನಮ್ಮಲ್ಲೂ ಉಳಿದವು.

ಇದಕ್ಕೂ ಮೊದಲು, ನಮ್ಮ ನಿಪ್ಪಾಣಿಯ ಆಚೆಗೇ ಇರೋ ಕೊಲ್ಹಾಪುರದಲ್ಲಿ ನಡೆದದ್ದು ಬೇರೆಯದೇ ಕತೆ. ಗಂಗಾರಾಮ್ ಕಾಂಬಳೆ ಅನ್ನೋ ಮಹಾರ್ ಆಳು ಅರಮನೆಯ ಲಾಯದಲ್ಲಿ ಕೆಲಸಕ್ಕಿದ್ದ. ಮೇಲಿನವರ ನೀರಿನ ತೊಟ್ಟಿ ಮುಟ್ಟಿದ ಅಂತ ಅವನಿಗೆ ಹೊಡೆದರು. ಊರಲ್ಲಿಲ್ಲದ ಶಾಹು ಮಹಾರಾಜ ಮರಳಿ ಬಂದು ಹೊಡೆದವರನ್ನು ದಂಡಿಸಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ, ಕಾಂಬಳೆಗೆ ದುಡ್ಡು ಕೊಟ್ಟು ಟೀ ಅಂಗಡಿ ಇಡಿಸಿದ. ಮೇಲುಜಾತಿಯವರು ಯಾರು ಬರ್ತಾರೆ? ಮಹಾರಾಜನೇ ಗಾಡಿ ನಿಲ್ಲಿಸಿ ಕಾಂಬಳೆಯ ಕೈಯಿಂದ ಟೀ ಕುಡಿದ, ಜೊತೆಗಿದ್ದ ಅಧಿಕಾರಿಗಳಿಗೂ ಕುಡಿಸಿದ. 1920ರ ಆಸುಪಾಸಿನ ಮಾತಿದು. ನಮ್ಮ ಜನ ಒಳಗೆ ಬಂದು ಕುಡೀಲಿ ಅಂತ ಬಾಗಿಲು ತೆಗೆಸೋದು ಒಂದು, ನಮ್ಮವನು ಕಾಸಿದ ಟೀಯನ್ನು ಊರು ಕುಡಿಯೋದು ಇನ್ನೊಂದು. ಎರಡನೆಯದು ಕಷ್ಟ. ಇವತ್ತಿಗೂ ಕಷ್ಟ.

ಕಾನೂನು ಬಂತು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟ್ಲುಗಳ ಬಾಗಿಲನ್ನು ಹೆಸರು ಹಿಡಿದು ತೆರೆಯಿತು, 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಅದಕ್ಕೆ ಶಿಕ್ಷೆ ಗೊತ್ತುಮಾಡಿದ ಕಾಯಿದೆ ಜಾರಿಗೆ ಬಂದದ್ದು 1955ರ ಜೂನ್ 1ಕ್ಕೆ. ಹೋಟ್ಲಿನ ಪಾತ್ರೆಗಳನ್ನು ಬಳಸೋಕೆ ಅಡ್ಡಿ ಮಾಡೋದು ಅಪರಾಧ ಅಂತ ಆ ಕಾಯಿದೆಯಲ್ಲಿ ಬಿಡಿಸಿ ಬರೆದಿದೆ. ಒಂದು ಗಣರಾಜ್ಯ ತನ್ನ ಶಾಸನದಲ್ಲಿ ಲೋಟದ ಬಗ್ಗೆ ಬರೀಬೇಕಾಯಿತು. 1976ರಲ್ಲಿ ಆ ಕಾಯಿದೆಯ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣೆ ಅಂತ ಬದಲಾಯಿತು. 1989ರ ದೌರ್ಜನ್ಯ ತಡೆ ಕಾಯಿದೆಯ ಪಟ್ಟಿಯಲ್ಲಿ ಮೊದಲನೇ ಅಪರಾಧವೇ ದಲಿತನ ಬಾಯಿಗೆ ತಿನ್ನಬಾರದ್ದನ್ನು ಬಲವಂತವಾಗಿ ತುರುಕೋದು.

ನಮ್ಮ ತಾತನ ಕಾಲಕ್ಕೆ ಸಂತೆ ಬೀದಿಯ ಹೋಟ್ಲಿನ ಸೂರಿನಲ್ಲಿ ತೆಂಗಿನ ಚಿಪ್ಪು ಸಿಕ್ಕಿಸಿರೋರು. ತಾತ ಅದನ್ನು ತಾನೇ ತೆಗೆದು, ತಾನೇ ತೊಳೆದು, ನೆಲದ ಮೇಲಿಟ್ಟು ದೂರ ನಿಲ್ಲಬೇಕು. ಮೇಲಿನಿಂದ ಟೀ ಸುರೀತಿದ್ರು. ಕುಡಿದು, ಮತ್ತೆ ತೊಳೆದು ಸೂರಿಗೇ ಸಿಕ್ಕಿಸೋದು. ಕಾಸು ಮಾತ್ರ ಎಲ್ಲರಷ್ಟೇ, ಕಾಸಿಗೆ ಮೈಲಿಗೆ ಇರಲಿಲ್ಲ. ಅಪ್ಪನ ಕಾಲಕ್ಕೆ ಚಿಪ್ಪು ಹೋಗಿ ಗಾಜಿನ ಲೋಟ ಬಂತು, ಅದರ ತಳಕ್ಕೆ ಬಣ್ಣದ ಗುರುತು. ನಮ್ಮ ಕಾಲಕ್ಕೆ ಕಾಗದದ ಲೋಟ ಬಂದಿದೆ. ಊರಿನವರಿಗೆ ಸ್ಟೀಲು, ಹಟ್ಟಿಯವರಿಗೆ ಕಾಗದ. ಯಾಕಪ್ಪ ಅಂದ್ರೆ ಕ್ಲೀನು ಅಂತಾರೆ. ಪೊಲೀಸರಿಗೆ ತೋರಿಸೋಕೆ ಎರಡನೇ ಲೋಟವೇ ಇರಲ್ಲ, ಕುಡಿದು ಎಸೆದಿರ್ತೀವಲ್ಲ! 2001-02ರಲ್ಲಿ 11 ರಾಜ್ಯಗಳ 565 ಹಳ್ಳಿಗಳನ್ನು ಸುತ್ತಿದ ಸಮೀಕ್ಷೆಯೊಂದು 2006ರಲ್ಲಿ ಪುಸ್ತಕವಾಗಿ ಬಂತು. ಸುಮಾರು ಮೂರರಲ್ಲಿ ಒಂದು ಹಳ್ಳಿಯ ಹೋಟ್ಲು, ಟೀ ಅಂಗಡಿಗಳಲ್ಲಿ ದಲಿತರಿಗೆ ಬೇರೆ ಪಾತ್ರೆ ಇತ್ತು ಅಂತ ಅದು ಹೇಳುತ್ತೆ. ಸ್ವಾತಂತ್ರ್ಯದ ಚಿನ್ನದ ಹಬ್ಬ ಮುಗಿದ ಮೇಲಿನ ಲೆಕ್ಕ ಇದು.

ಪಟ್ಟಣದಲ್ಲಿ ಹಂಗಿಲ್ಲ, ಒಪ್ತೀನಿ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದವು. ಟೋಕನ್ ತಗೋ, ನಿಂತು ತಿನ್ನು, ಹೋಗು. ಪಂಕ್ತಿಯೇ ಇಲ್ಲದ ಮೇಲೆ ಪಂಕ್ತಿಭೇದ ಎಲ್ಲಿಂದ? ನನ್ನಂಥ ಹಾಸ್ಟೆಲ್ ಹುಡುಗರು ಅಲ್ಲಿ ಯಾರ ಮುಖವನ್ನೂ ನೋಡದೆ ಖಾಲಿದೋಸೆ ತಿಂದು ಪರೀಕ್ಷೆ ಬರೆದಿದ್ದೀವಿ. ಟೇಬಲ್ಲು ಒರೆಸೋಕೆ ಬರೋ ಹೆಂಗಸು ಯಾವ ಹಟ್ಟಿಯವಳು ಅಂತ ಕೇಳಿದರೆ ಮಾತ್ರ ಚರಿತ್ರೆ ಮತ್ತೆ ಶುರುವಾಗುತ್ತೆ.

ಇನ್ನು ಬೋರ್ಡಿನ ಮಾತು. ಅಡುಗೆ ಮಾತಾಡುವಾಗ ಗೆಳೆಯರು ನಿಮ್ಮ ಮನೆ ಸ್ಪೆಷಲ್ ಏನೋ ಅಂತ ಕೇಳ್ತಾರೆ. ನಮ್ಮ ಹುಡುಗರು ಚಿತ್ರಾನ್ನ ಅಂತಾರೆ. ಮನೆಯಲ್ಲಿ ಅಜ್ಜಿ ಮಾಡೋ ನೆತ್ತರ ಹುರುಕಲು, ಬೋಟಿ ಗೊಜ್ಜು, ಬಿಸಿಲಿಗೆ ಹಗ್ಗ ಕಟ್ಟಿ ಒಣಗಿಸಿದ ಕೊರಬಾಡಿನ ಸಾರು ನಾಲಗೆ ತುದಿಗೆ ಬಂದು ಹಿಂದಕ್ಕೆ ಹೋಗುತ್ತೆ. ಇವನ್ನು ಬಲ್ಲ ಅಡುಗೆಯವರಿಗೆ ಎಂಥ ಲೆಕ್ಕಾಚಾರ ಬೇಕು ಗೊತ್ತಾ? ಎಣ್ಣೆ ಇಲ್ಲ, ಬಾಡಿನ ಕೊಬ್ಬೇ ಎಣ್ಣೆ. ಟೊಮೇಟೊ ಕೊಳ್ಳೋಕೆ ಕಾಸಿಲ್ಲ, ಹುಣಸೆ ಚಿಗುರೇ ಹುಳಿ. ಮಳೆಗಾಲದಲ್ಲಿ ಕೂಲಿ ಇಲ್ಲದ ವಾರಕ್ಕೆ ಬೇಸಿಗೆಯಲ್ಲೇ ಒಣಗಿಸಿ ಇಟ್ಟ ದಾಸ್ತಾನು ಅದು. ಮಿಲಿಟರಿ ಹೋಟ್ಲುಗಳ ಬೋರ್ಡಿನಲ್ಲಿ ಮುದ್ದೆ, ಕಾಲು ಸೂಪು, ತಲೆಮಾಂಸ ಏರಿದವು, ಸಂತೋಷ. ದನದ ಬಾಡು ಅಲ್ಲಿಗೂ ಏರಲಿಲ್ಲ. ಮರಾಠವಾಡದ ದಲಿತರ ಅಡುಗೆಗಳನ್ನು ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ಪುಸ್ತಕ ಮಾಡಿದರು, 2024ರಲ್ಲಿ ಅದು ಇಂಗ್ಲಿಷಿಗೂ ಹೋಯಿತು. ಅದನ್ನು ಓದಿದಾಗ ನಮ್ಮ ಅಜ್ಜಿಯ ಒಲೆ ಮುಂದೆ ಕೂತ ಹಾಗಾಯಿತು.

ಕನ್ನಡದಲ್ಲಿ ಏನಾಯಿತು? 2020ರಲ್ಲಿ ವಿಧಾನಸಭೆ ಒಪ್ಪಿ, ಮರುವರ್ಷ ಜಾರಿಗೆ ಬಂದ ಕಾಯಿದೆ, 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಮಿಕ್ಕ ಜಾನುವಾರು ಕಡಿಯೋದನ್ನೆಲ್ಲ ನಿಲ್ಲಿಸಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡೋಕೆ ಹೊರಟಾಗ ಮಠಗಳಿಂದ ವಿರೋಧ ಬಂತು. ಹಳ್ಳಿ ಮೇಷ್ಟ್ರುಗಳೇ, ಮೊಟ್ಟೆಯ ದಿನ ಹಾಜರಿ ಪುಸ್ತಕ ಏನು ಹೇಳುತ್ತೆ ಅಂತ ನೀವೇ ಬರೆಯಿರಿ. 2024ರ ಡಿಸೆಂಬರಿನಲ್ಲಿ ಮಂಡ್ಯದ 87ನೇ ಸಾಹಿತ್ಯ ಸಮ್ಮೇಳನಕ್ಕೆ ಮುಂಚೆ ಒಂದು ಸೂಚನೆ ಬಂತು. ಮಳಿಗೆಗಳಲ್ಲಿ ಮದ್ಯ, ತಂಬಾಕು, ಮಾಂಸಾಹಾರ ನಿಷೇಧ. ಬಾಡನ್ನು ಹೆಂಡ, ಬೀಡಿಯ ಸಾಲಿನಲ್ಲಿ ನಿಲ್ಲಿಸಿದ್ದು ಯಾವುದೋ ಮಠ ಅಲ್ಲ, ಕನ್ನಡದ ಹಬ್ಬ! ಮಂಡ್ಯದ ಜನ ಬಿಡಲಿಲ್ಲ, ಬಾಡೂಟ ಬೇಕು ಅಂತ ಬೀದಿಗೆ ಬಂದರು.

ಅಜ್ಜಿಗೆ ಈ ಸುದ್ದಿ ಓದಿ ಹೇಳಿದೆ. ಅವಳಿಗೆ ಸಮ್ಮೇಳನ ಅಂದ್ರೆ ಏನು ಅಂತ ತಿಳಿಸೋದರಲ್ಲೇ ಅರ್ಧ ಗಂಟೆ ಹೋಯಿತು. ಆಮೇಲೆ ಕೇಳಿದಳು: "ಅಷ್ಟು ಜನಕ್ಕೆ ಅಡುಗೆ ಮಾಡೋರು ಯಾರಂತೆ?"