ಅಂಜಿಕೆ ಯಾರದು?

ಇಂಗ್ಲಿಷ್ ಕಥೆಗಳಲ್ಲಿ ಪಾಳುಮನೆಯೋ ಸರಿರಾತ್ರಿಯ ಕಾಡೋ ಬಂದಿತೆಂದರೆ ಅದರ ಬೆನ್ನಿಗೇ 'ಈರಿ' ಎಂಬ ಮಾತೂ ಬರುತ್ತದೆ. ಹೈಸ್ಕೂಲಿನ ಮಕ್ಕಳಿಗೆ ಇದರ ಅರ್ಥ ಹೇಳಬೇಕಾದಾಗಲೆಲ್ಲ ನಾನು 'ಬಿಕೋ ಎನ್ನುವುದು' ಎನ್ನುತ್ತೇನೆ. ಅದು ಸಾಲದೆನಿಸಿ 'ಮೈ ಜುಮ್ಮೆನ್ನಿಸುವಂಥದು' ಎಂದು ಸೇರಿಸುತ್ತೇನೆ. ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ. ದೆವ್ವದ ವಿಷಯವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಆದರೆ ಈ ಪುಟ್ಟ ಮಾತಿನ ಚರಿತ್ರೆ ಒಂದು ಪೀರಿಯಡ್ಡಿನಲ್ಲಿ ಮುಗಿಯುವಂಥದಲ್ಲ.

ಈ ಮಾತು ಇಂದಿನ ಇಂಗ್ಲಿಷಿಗೆ ಬಂದದ್ದು ಸ್ಕಾಟ್ಲೆಂಡು ಮತ್ತು ಇಂಗ್ಲೆಂಡಿನ ಉತ್ತರ ಭಾಗದ ಆಡುನುಡಿಯಿಂದ. ಸುಮಾರು 1300ರ ಹೊತ್ತಿಗೇ ಅದು ಬಳಕೆಯಲ್ಲಿತ್ತು. 'ಅಂಜುಬುರುಕ' ಎಂಬ ಅರ್ಥದ ಒಂದು ಹಳೆಯ ಇಂಗ್ಲಿಷ್ ಪದ ಇದರ ಮೂಲವಿರಬೇಕೆಂದು ವಿದ್ವಾಂಸರ ಎಣಿಕೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೊದಲಿಗೆ 'ಈರಿ' ಆಗುತ್ತಿದ್ದುದು ಮನೆಯಲ್ಲ, ಕಾಡಲ್ಲ, ಮನುಷ್ಯ. ಮುಸ್ಸಂಜೆಯಲ್ಲಿ ಒಬ್ಬನೇ ಬರುವವನ ಎದೆಯಲ್ಲಿ ಕಾರಣವಿಲ್ಲದೆ ಹುಟ್ಟುವ ದಿಗಿಲು, ಅದರ ಜೊತೆಗೇ ಬೆರೆತ ಒಂದು ಬಗೆಯ ಮಂಕು, ಒಂಟಿತನ, ಇಷ್ಟನ್ನೂ ಸ್ಕಾಟರು ಆ ಒಂದು ಮಾತಿನಲ್ಲಿ ಹೇಳುತ್ತಿದ್ದರು. 'ಆ ಜಾಗ ಭಯಂಕರ' ಎನ್ನುವುದು ಬೇರೆ, 'ನನಗೆ ಭಯವಾಗುತ್ತಿದೆ' ಎನ್ನುವುದು ಬೇರೆ. ಹಳೆಯ ಸ್ಕಾಟ್ಸ್ ಮಾತು ಎರಡನೆಯದನ್ನು ಹೇಳುತ್ತಿತ್ತು.

ಭಾಷೆಗೆ ಗೊತ್ತಿದ್ದ ಈ ಸತ್ಯ ಅದೇ ನಾಡಿನ ಕಾಯಿದೆಗೆ ಗೊತ್ತಿರಲಿಲ್ಲ. 1563ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಮಾಟಗಾರಿಕೆಗೆ ಮರಣದಂಡನೆ ಗೊತ್ತುಮಾಡಿತು. ದೊರೆ ಆರನೆಯ ಜೇಮ್ಸ್ 1590ರಲ್ಲಿ ಹೊಸ ಹೆಂಡತಿಯೊಡನೆ ಡೆನ್ಮಾರ್ಕಿನಿಂದ ಹಡಗಿನಲ್ಲಿ ಹಿಂದಿರುಗಿದ. ಆ ಮದುವೆಯ ಪ್ರಯಾಣಗಳಿಗೆ ಬಿರುಗಾಳಿ ಅಡ್ಡ ಬಂದಿತ್ತು. ಗಾಳಿಗೆ ಕಾರಣ ಮಾಟಗಾತಿಯರು ಎಂದಾಯಿತು. ನಾರ್ತ್ ಬೆರ್ವಿಕ್ ಎಂಬ ಊರಿನ ಹೆಸರಿನಲ್ಲಿ ನಡೆದ ಆ ವಿಚಾರಣೆಗಳಲ್ಲಿ ಸಿಕ್ಕಿಬಿದ್ದವರಲ್ಲಿ ಆಗ್ನೆಸ್ ಸ್ಯಾಂಪ್ಸನ್ ಒಬ್ಬಳು. ಆಕೆ ಸೂಲಗಿತ್ತಿ, ನಾಲ್ಕು ಜನಕ್ಕೆ ಮದ್ದು ಕೊಡುತ್ತಿದ್ದವಳು. ದೊರೆಯೇ ಮುಂದೆ ಕುಳಿತು ಆಕೆಯನ್ನು ಪ್ರಶ್ನಿಸಿದ. 1591ರ ಜನವರಿಯಲ್ಲಿ ಎಡಿನ್‌ಬರೋದಲ್ಲಿ ಆಕೆಯನ್ನು ಕೊಂದು ಸುಟ್ಟರು. ಜೇಮ್ಸ್ 1597ರಲ್ಲಿ ಮಾಟದ ಮೇಲೆ ಒಂದು ಪುಸ್ತಕವನ್ನೇ ಬರೆದು ಪ್ರಕಟಿಸಿದ.

ಆ ಕಾಯಿದೆ ರದ್ದಾದದ್ದು 1736ರಲ್ಲಿ. ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಕಡತಗಳನ್ನೆಲ್ಲ ಹುಡುಕಿ 2003ರಲ್ಲಿ ಮುಗಿಸಿದ ಸಮೀಕ್ಷೆಯಲ್ಲಿ ಆಪಾದಿತರ ಸಂಖ್ಯೆ 3,837. ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹೆಂಗಸರು. ಬಾಯಿ ಬಿಡಿಸಲು ಹೆಚ್ಚಾಗಿ ಬಳಸುತ್ತಿದ್ದ ಉಪಾಯ ನಿದ್ದೆ ಕೆಡಿಸುವುದು. ದಿನಗಟ್ಟಲೆ ನಿದ್ದೆಯಿಲ್ಲದವಳು ಕೇಳಿದ್ದಕ್ಕೆಲ್ಲ ಹೌದು ಎನ್ನದೆ ಏನು ಮಾಡಿಯಾಳು? ಅಂಜಿಕೆ ಅನ್ಯರದು, ಬೆಂಕಿ ಇವಳಿಗೆ.

ಕಾಯಿದೆ ಹೋದ ಮೇಲೆ, 1759ರಲ್ಲಿ, ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ. ತಾಯಿಯ ಬಳಿ ಇದ್ದ ಒಬ್ಬ ಮುದುಕಿ ಬಾಲ್ಯದಲ್ಲಿ ತನಗೆ ದೆವ್ವ, ಮಾಟಗಾತಿ, ಯಕ್ಷಿಣಿಯರ ಕಥೆಗಳನ್ನು ಹೇಳುತ್ತಿದ್ದಳೆಂದೂ, ದೊಡ್ಡವನಾದ ಮೇಲೂ ರಾತ್ರಿ ಹೊತ್ತು ಕೆಲವು ಜಾಗಗಳಲ್ಲಿ ನಡೆಯುವಾಗ ಕಣ್ಣು ಅತ್ತಿತ್ತ ಹುಡುಕುತ್ತದೆಂದೂ ಆತ 1787ರ ಒಂದು ಕಾಗದದಲ್ಲಿ ಬರೆದುಕೊಂಡಿದ್ದಾನೆ. ಆ ಹೆದರಿಕೆ ತನ್ನದೇ ಎಂದು ಒಪ್ಪಿಕೊಂಡು ನಕ್ಕ ಗಂಡಸು ಅವನು. 1791ರಲ್ಲಿ ಪ್ರಕಟವಾದ ಅವನ 'ಟ್ಯಾಮ್ ಓ ಶ್ಯಾಂಟರ್' ಎಂಬ ಕಥನ ಕವನದಲ್ಲಿ ಕುಡಿದ ರೈತನೊಬ್ಬ ಪಾಳು ಇಗರ್ಜಿಯಲ್ಲಿ ಮಾಟಗಾತಿಯರ ಕುಣಿತ ಕಂಡು ಓಡುತ್ತಾನೆ. ಕೊನೆಗೆ ನಷ್ಟವಾಗುವುದು ಅವನ ಕುದುರೆಯ ಬಾಲ ಮಾತ್ರ! ಯಾರ ಪ್ರಾಣವನ್ನೂ ಬೇಡದ ಅಂಜಿಕೆ ಅದು.

ಬರ್ನ್ಸ್ ಹುಟ್ಟಿದ ವರ್ಷವೇ ಗ್ಲಾಸ್ಗೋದಲ್ಲಿ ಹುಟ್ಟಿದವನು ಜಾನ್ ಜೇಮಿಸನ್ ಎಂಬ ಪಾದ್ರಿ. 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾದ ಮೇಲೆ ಸ್ಕಾಟ್ಲೆಂಡಿನ ಓದಿದವರಿಗೆ ತಮ್ಮ ಮನೆಮಾತೆಂದರೆ ಸಂಕೋಚ ಹುಟ್ಟಿತ್ತು. ಡೇವಿಡ್ ಹ್ಯೂಮ್‌ನಂಥ ತತ್ತ್ವಜ್ಞಾನಿಯೂ ಬರಹದಲ್ಲಿ ನುಸುಳಬಾರದ ಸ್ಕಾಟ್ಸ್ ಮಾತುಗಳ ಪಟ್ಟಿ ಮಾಡಿದ್ದ. ಜೇಮಿಸನ್ ಅದಕ್ಕೆ ವಿರುದ್ಧವಾದ ಕೆಲಸ ಮಾಡಿದ. ನಾಚಿ ಬಿಟ್ಟ ಮಾತುಗಳನ್ನು ಹೆಕ್ಕಿ ಹೆಕ್ಕಿ 1808ರಲ್ಲಿ ಎರಡು ದೊಡ್ಡ ಸಂಪುಟಗಳ ನಿಘಂಟು ತಂದ. ನಿಘಂಟು ಮಾಡುವವರ ತಾಳ್ಮೆಯ ಮುಂದೆ ನಮ್ಮ ಉತ್ತರಪತ್ರಿಕೆ ತಿದ್ದುವ ತಾಳ್ಮೆ ಏನೇನೂ ಅಲ್ಲ.

ಅಷ್ಟರಲ್ಲಿ 'ಈರಿ'ಯ ನಡೆ ಬದಲಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅಂಜುವವನಿಂದ ಜಾರಿ ಅಂಜಿಸುವ ವಸ್ತುವಿಗೆ ಆ ಮಾತು ಅಂಟತೊಡಗಿತು. ಇಂದಿನ ಇಂಗ್ಲಿಷಿನಲ್ಲಿ ಮನೆ ಈರಿ, ಮೌನ ಈರಿ, ಬೆಳಕು ಈರಿ. ಮನುಷ್ಯ ಮಾತ್ರ ಅದರಿಂದ ಹೆಚ್ಚು ಕಡಿಮೆ ತಪ್ಪಿಸಿಕೊಂಡಿದ್ದಾನೆ. ವ್ಯಾಕರಣದ ದೃಷ್ಟಿಯಲ್ಲಿ ಇದೊಂದು ಸಣ್ಣ ಬದಲಾವಣೆ. ಆದರೆ ನನ್ನೊಳಗಿನ ನಡುಕವನ್ನು ಹೊರಗಿನದರ ಗುಣವೆಂದು ಹೇಳುವ ಅಭ್ಯಾಸ ಎಲ್ಲಿಗೆ ಮುಟ್ಟಬಹುದೆಂಬುದನ್ನು ಸ್ಕಾಟ್ಲೆಂಡು ಅದಕ್ಕೆ ಮೊದಲೇ ಕಂಡಿತ್ತು. ಪಾಳುಮನೆಗೆ ಆ ಮಾತು ತಗುಲಿದರೆ ಮನೆಗೇನೂ ನೋವಿಲ್ಲ. ಒಂಟಿ ಮುದುಕಿಗೆ ತಗುಲಿದರೆ?

2022ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಆಗಿನ ಸ್ಕಾಟ್ಲೆಂಡಿನ ಫಸ್ಟ್ ಮಿನಿಸ್ಟರ್ ನಿಕೊಲಾ ಸ್ಟರ್ಜನ್ ಪಾರ್ಲಿಮೆಂಟಿನಲ್ಲಿ ಆ ಹೆಂಗಸರ ಕ್ಷಮೆ ಕೇಳಿದರು. 2025ರಲ್ಲಿ ಅದೇ ಪಾರ್ಲಿಮೆಂಟು ಸ್ಕಾಟ್ಸ್ ಭಾಷೆಗೆ ಅಧಿಕೃತ ಸ್ಥಾನ ಕೊಡುವ ಕಾಯಿದೆಯನ್ನು ಒಪ್ಪಿತು. ಸುಟ್ಟವರಿಗೆ ಕ್ಷಮೆ ಕೇಳುವುದು, ನಾಚಿ ಬಿಟ್ಟ ಮಾತಿಗೆ ಮರ್ಯಾದೆ ಕೊಡುವುದು, ಎರಡೂ ತಡವಾಗಿ ಬಂದವು. ಬಂದವಲ್ಲ, ಅದೇ ಸಮಾಧಾನ. ಆ ಹಳೆಯ ಮಾತಿನ ಹಳೆಯ ಅರ್ಥವೂ ಹಿಂದಿರುಗಿದರೆ ಒಳ್ಳೆಯದು. ತನಗೆ ಅಂಜಿಕೆಯಾಗಿದೆ ಎಂದು ಬಾಯಿಬಿಟ್ಟು ಹೇಳಬಲ್ಲವನು ಇನ್ನೊಬ್ಬರನ್ನು ದೆವ್ವ ಮಾಡುವುದಿಲ್ಲ.