ಗೌರವ ಫಲಕದಲ್ಲಿ ಯಾರ ಹೆಸರು?

ನಿವೃತ್ತ ಆಟಗಾರರಲ್ಲಿ ಶಾಶ್ವತ ಗೌರವಕ್ಕೆ ಅರ್ಹರು ಯಾರು ಎಂಬ ಚರ್ಚೆ ಕಾಲ್ಚೆಂಡು ಆಡುವ ಎಲ್ಲ ನಾಡುಗಳಲ್ಲಿಯೂ ನಡೆಯುತ್ತ ಬಂದಿದೆ. ಸೆವೆನ್ಸ್ ಪಂದ್ಯಗಳಿಗೆ ಊರಿಗೆ ಊರೇ ನೆರೆಯುವ ನಮ್ಮ ಕಾಸರಗೋಡಿನ ಜನತೆಗೂ ಇದು ಅಪರಿಚಿತವಾದುದಲ್ಲ. ಮೇಲ್ನೋಟಕ್ಕೆ ಇದು ಕ್ರೀಡಾಭಿಮಾನಿಗಳ ಕಾಲಕ್ಷೇಪದಂತೆ ತೋರಬಹುದು. ಆದರೆ ಯಾರನ್ನು ನೆನೆಯಬೇಕು, ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದು ಮೂಲತಃ ಇತಿಹಾಸದ ಪ್ರಶ್ನೆ. ಆ ದೃಷ್ಟಿಯಿಂದ ಭಾರತೀಯ ಕಾಲ್ಚೆಂಡಿನ ಕೆಲವು ಹೆಸರುಗಳನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಶ್ರೇಷ್ಠ ಆಟಗಾರರ ಹೆಸರುಗಳನ್ನು ವಿಧಿವತ್ತಾಗಿ ಆಯ್ದು ದಾಖಲಿಸುವ ಪಟ್ಟಿಗೆ ಇಂಗ್ಲಿಷರು 'ಹಾಲ್ ಆಫ್ ಫೇಮ್' ಎನ್ನುತ್ತಾರೆ, ನಾವು ಕೀರ್ತಿಮಂದಿರವೆನ್ನಬಹುದು. ಇಂಗ್ಲೆಂಡಿನ ರಾಷ್ಟ್ರೀಯ ಕಾಲ್ಚೆಂಡು ವಸ್ತುಸಂಗ್ರಹಾಲಯವು ಇಂತಹ ಪಟ್ಟಿಯನ್ನು 2002ರಲ್ಲಿ ಆರಂಭಿಸಿತು. ಮೊದಲ ವರ್ಷವೇ ಅದರಲ್ಲಿ ಲಿಲಿ ಪಾರ್ ಎಂಬ ಮಹಿಳೆಯ ಹೆಸರು ಸೇರಿತು. 1921ರಲ್ಲಿ ಅಲ್ಲಿನ ಕಾಲ್ಚೆಂಡು ಸಂಸ್ಥೆಯು ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಸದಸ್ಯ ಸಂಘಗಳ ಮೈದಾನಗಳಲ್ಲಿ ಅವರು ಆಡದಂತೆ ತಡೆಯೊಡ್ಡಿತ್ತು. ಸುಮಾರು ಅರ್ಧ ಶತಮಾನ ಉಳಿದ ಆ ತಡೆಯ ನಡುವೆಯೂ ಲಿಲಿ ಪಾರ್ ಆಟವನ್ನು ಬಿಡಲಿಲ್ಲ. ಮರುವರ್ಷ ಅದೇ ಪಟ್ಟಿಗೆ ಸೇರಿದ ಆರ್ಥರ್ ವಾರ್ಟನ್ ಪ್ರಪಂಚದ ಮೊದಲ ಕಪ್ಪು ವರ್ಣೀಯ ವೃತ್ತಿಪರ ಆಟಗಾರರೆಂದು ಪರಿಗಣಿತರು. ಅವರು 1930ರಲ್ಲಿ ಬಡತನದಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಹೆಸರಿನ ಕಲ್ಲು ಬಿದ್ದುದು 1997ರಲ್ಲಿ. ಗೌರವವು ತಡವಾಗಿಯಾದರೂ ಸಲ್ಲಬಹುದು, ಆದರೆ ಅದಕ್ಕೆ ಯಾರಾದರೂ ಹಳೆಯ ಕಡತವನ್ನು ತೆರೆದು ಹುಡುಕಬೇಕು ಎಂಬುದಕ್ಕೆ ಇವೆರಡು ನಿದರ್ಶನಗಳು ಸಾಕು.

ಇನ್ನು ನಮ್ಮ ದೇಶದತ್ತ ಬರೋಣ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ತಂಡದ ಬಹುಪಾಲು ಆಟಗಾರರು ಬರಿಗಾಲಿನಲ್ಲಿಯೇ ಆಡಿ, ಫ್ರಾನ್ಸ್ ಎದುರು 1-2ರಿಂದ ಸೋತರು. ನಾಗಾ ನಾಡಿನ ವೈದ್ಯ ತಾಲಿಮೆರೆನ್ ಆವೋ ನಾಯಕರಾಗಿದ್ದ ಆ ತಂಡದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸೋತ ಪಂದ್ಯದ ಒಂದು ಗೋಲಿಗೆ ಬೆಲೆಯೆಷ್ಟು? ಅಂಕಿಗಳನ್ನಷ್ಟೇ ನೋಡುವವರಿಗೆ ಅದು ಅಲ್ಪ. ಆದರೆ ಸ್ವತಂತ್ರ ಭಾರತ ಒಲಿಂಪಿಕ್ಸಿನಲ್ಲಿ ಹೊಡೆದ ಮೊದಲ ಗೋಲು ಅದು ಎಂಬುದನ್ನು ನೆನೆದರೆ ತೂಕ ಬೇರೆಯಾಗುತ್ತದೆ.

ಎರಡನೆಯ ಪ್ರಸಂಗ ಇನ್ನೂ ಜಟಿಲವಾದುದು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಮುಂಬಯಿಯ ನೆವಿಲ್ ಡಿಸೋಜ ಆತಿಥೇಯ ಆಸ್ಟ್ರೇಲಿಯದ ವಿರುದ್ಧ ಮೂರು ಗೋಲು ಹೊಡೆದರು. ಭಾರತ 4-2ರಿಂದ ಗೆದ್ದು ಸೆಮಿಫೈನಲ್ ಪ್ರವೇಶಿಸಿತು. ಆ ಹಂತ ತಲಪಿದ ಮೊದಲ ಏಷ್ಯನ್ ತಂಡವೆನಿಸಿತು. ಕೋಯಿಕ್ಕೋಡಿನ ಟಿ. ಅಬ್ದುಲ್ ರಹ್ಮಾನ್ ಆ ತಂಡದಲ್ಲಿದ್ದುದರಿಂದಲೇ ಮಲಬಾರಿನಲ್ಲಿ 'ಒಲಿಂಪಿಯನ್ ರಹ್ಮಾನ್' ಎಂದು ಹೆಸರಾದರು. ಇಷ್ಟಾದರೂ ವಿರೋಧದ ವಾದವನ್ನು ಮರೆಮಾಚುವುದು ನ್ಯಾಯವಲ್ಲ. ಹಂಗೆರಿ ಹಿಂದೆಗೆದುದರಿಂದ ಭಾರತ ಮೊದಲ ಸುತ್ತನ್ನು ಆಡದೆಯೇ ದಾಟಿತ್ತು. ಗೆದ್ದುದು ಒಂದೇ ಪಂದ್ಯ. ಅನಂತರ ಯುಗೋಸ್ಲಾವಿಯಕ್ಕೆ 1-4, ಬಲ್ಗೇರಿಯಕ್ಕೆ 0-3ರಿಂದ ಸೋತು ನಾಲ್ಕನೆಯ ಸ್ಥಾನ ಪಡೆಯಿತು. ಒಂದು ಗೆಲುವಿನ ತಂಡಕ್ಕೆ ಕೀರ್ತಿಮಂದಿರವೇ ಎಂದು ಕೇಳುವವರಿದ್ದಾರೆ. ಯುಗೋಸ್ಲಾವಿಯದ ವಿರುದ್ಧ ಮೊದಲು ಗೋಲು ಹೊಡೆದವರು ಇದೇ ಡಿಸೋಜ, ನಾಲ್ಕು ಗೋಲುಗಳೊಂದಿಗೆ ಆ ಕೂಟದ ಅತ್ಯಧಿಕ ಗೋಲುಗಾರರಲ್ಲಿ ಅವರೂ ಒಬ್ಬರು ಎಂಬುದು ನಮ್ಮ ಉತ್ತರ. ಎದುರಾಳಿ ಹಿಂದೆಗೆದುದು ಅವರ ಭಾಗ್ಯವಿರಬಹುದು. ಆ ನಾಲ್ಕು ಗೋಲುಗಳು ಭಾಗ್ಯದಿಂದ ಬಂದವುಗಳಲ್ಲ.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಕ್ಕೆ 0-2ರಿಂದ ಸೋತಿತು. ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದು ಹೊಲಿಗೆ ಹಾಕಿಸಿಕೊಂಡ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್, ಮುಂದೆ ದಾಳಿಯ ಸಾಲಿನಲ್ಲಿ ನಿಂತು ಆಡಿದರು. ಫೈನಲಿನಲ್ಲಿ ಅದೇ ಕೊರಿಯವನ್ನು 2-1ರಿಂದ ಮಣಿಸಿದಾಗ ಗೋಲು ಹೊಡೆದವರು ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್. ತಂಡದ ನಾಯಕ ಚುನಿ ಗೋಸ್ವಾಮಿ. ಬೆಂಗಳೂರಿನ ಅರುಮೈನಾಯಗಂ, ಇರಿಂಞಾಲಕುಡದ ಒ. ಚಂದ್ರಶೇಖರನ್ ಕೂಡ ಆ ಸ್ವರ್ಣ ತಂಡದವರು. ಬ್ಯಾನರ್ಜಿ, ಗೋಸ್ವಾಮಿ, ಬಲರಾಮ್ ಎಂಬ ಮೂವರನ್ನು ಆ ಕಾಲದವರು ಒಂದೇ ಉಸಿರಿನಲ್ಲಿ ಹೆಸರಿಸುತ್ತಿದ್ದರು. ಗೋಸ್ವಾಮಿಯವರಿಗೆ 1983ರಲ್ಲಿ, ಬ್ಯಾನರ್ಜಿಯವರಿಗೆ 1990ರಲ್ಲಿ ಪದ್ಮಶ್ರೀ ದೊರೆಯಿತು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಹಂಗೆರಿ ಮತ್ತು ಪೆರು ತಂಡಗಳ ವಿರುದ್ಧ ಗೋಲು ಹೊಡೆದಿದ್ದ ಸಿಕಂದರಾಬಾದಿನ ತುಳಸೀದಾಸ್ ಬಲರಾಮ್ 1962ರಲ್ಲಿ ಅರ್ಜುನ ಪ್ರಶಸ್ತಿ ಪಡೆದಿದ್ದರೂ, 2023ರಲ್ಲಿ ತೀರಿಕೊಳ್ಳುವ ತನಕ ಪದ್ಮ ಗೌರವ ಅವರ ಪಾಲಿಗೆ ಬರಲಿಲ್ಲ. ಅನಾರೋಗ್ಯದಿಂದ ಮೂವತ್ತು ತುಂಬುವ ಮೊದಲೇ ಆಟ ನಿಲ್ಲಿಸಬೇಕಾಯಿತೆಂಬುದು ಅವರ ಯೋಗ್ಯತೆಯನ್ನು ಕುಂದಿಸುವ ಕಾರಣವಾಗಬಾರದು.

ಈ ಎಲ್ಲರ ಹಿಂದೆ ನಿಂತಿದ್ದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. 1951ರ ದೆಹಲಿ ಏಷ್ಯನ್ ಕೂಟದ ಸ್ವರ್ಣ, ಮೆಲ್ಬರ್ನಿನ ನಾಲ್ಕನೆಯ ಸ್ಥಾನ, ಜಕಾರ್ತದ ಸ್ವರ್ಣ, ಮೂರೂ ಅವರ ತರಬೇತಿಯ ಫಲ. ವೃತ್ತಿಯಿಂದ ಅವರು ಶಾಲಾ ಅಧ್ಯಾಪಕರು. ಆದುದರಿಂದಲೇ ಅವರನ್ನು ಎಲ್ಲರೂ 'ರಹೀಂ ಸಾಹೇಬರು' ಎಂದು ಗುರುಭಾವದಿಂದ ಕಂಡರು. ಜಕಾರ್ತಕ್ಕೆ ಹೋದಾಗಲೇ ಕ್ಯಾನ್ಸರ್ ಪೀಡಿತರಾಗಿದ್ದ ಅವರು 1963ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಶ್ರೇಷ್ಠ ತರಬೇತುದಾರರಿಗೆ ನೀಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದುದು 1985ರಲ್ಲಿ. ಅರ್ಜುನ ಪ್ರಶಸ್ತಿಯೂ 1961ರಿಂದೀಚಿನದು. ಪದ್ಮ ಪ್ರಶಸ್ತಿಗಳನ್ನು ಸಾಮಾನ್ಯವಾಗಿ ಮರಣೋತ್ತರವಾಗಿ ನೀಡುವ ಪದ್ಧತಿಯಿಲ್ಲ. ಹೀಗೆ, ಬೇಗ ಹುಟ್ಟಿ ಬೇಗ ತೀರಿಕೊಂಡವರು ಯೋಗ್ಯತೆಯ ಕೊರತೆಯಿಂದಲ್ಲ, ಪಂಚಾಂಗದ ಕಾರಣದಿಂದ ಹೊರಗುಳಿಯುತ್ತಾರೆ. ಈ ಕೊರತೆಯನ್ನು ತುಂಬುವುದೇ ಕೀರ್ತಿಮಂದಿರದ ಮೊದಲ ಕರ್ತವ್ಯವೆಂಬುದು ನಮ್ಮ ಅಭಿಪ್ರಾಯ.

ಹೆಣ್ಣುಮಕ್ಕಳ ವಿಚಾರದಲ್ಲಿ ಮರೆವು ಇನ್ನಷ್ಟು ದಟ್ಟವಾಗಿದೆ. 1980ರ ಜನವರಿಯಲ್ಲಿ ಏಷ್ಯನ್ ಮಹಿಳಾ ಕಾಲ್ಚೆಂಡು ಚಾಂಪಿಯನ್‌ಶಿಪ್ ನಡೆದುದು ನಮ್ಮ ನೆರೆಯ ಕೋಯಿಕ್ಕೋಡಿನಲ್ಲಿ. ಭಾರತದ ವನಿತೆಯರು ಫೈನಲ್ ತಲಪಿ ದ್ವಿತೀಯ ಸ್ಥಾನ ಗಳಿಸಿದರು. 1983ರಲ್ಲಿ ಬ್ಯಾಂಕಾಕಿನಲ್ಲಿ ಅದೇ ಸಾಧನೆಯನ್ನು ಪುನರಾವರ್ತಿಸಿದರು. ಶಾಂತಿ ಮಲ್ಲಿಕ್ ಅವರಿಗೆ 1983ರ ಅರ್ಜುನ ಪ್ರಶಸ್ತಿ ದೊರೆಯಿತು. ಮಣಿಪುರದ ಓಯಿನಂ ಬೆಂಬೆಂ ದೇವಿಯವರು 2017ರಲ್ಲಿ ಅದೇ ಪ್ರಶಸ್ತಿಯನ್ನು, 2020ರಲ್ಲಿ ಪದ್ಮಶ್ರೀಯನ್ನು ಪಡೆದರು. ಈ ಇಬ್ಬರ ನಡುವಿನ ಮೂರು ದಶಕಗಳಿಗೂ ಮೀರಿದ ಅವಧಿಯಲ್ಲಿ ಆಡಿದ ವನಿತೆಯರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಆಯ್ಕೆಗೆ ಒಂದು ಅಳತೆ ಸಾಲದು, ಮೂರು ಬೇಕು ಎಂಬ ನಿರ್ಣಯಕ್ಕೆ ನಾವು ಬಂದಿದ್ದೇವೆ: ಆಟಗಾರ ಏನನ್ನು ಸಾಧಿಸಿದನು, ಎಂತಹ ಪರಿಸ್ಥಿತಿಯಲ್ಲಿ ಸಾಧಿಸಿದನು, ತನ್ನ ಹಿಂದೆ ಯಾರನ್ನು ಬೆಳೆಸಿ ಹೋದನು. ಮೊದಲನೆಯದರಿಂದ ಅಳೆದರೆ ಬ್ಯಾನರ್ಜಿ, ಗೋಸ್ವಾಮಿ, ಬಲರಾಮ್ ಒಳಬರುತ್ತಾರೆ. ಎರಡನೆಯದರಿಂದ ರಾಮನ್, ಡಿಸೋಜ ಮತ್ತು ಕೋಯಿಕ್ಕೋಡಿನಲ್ಲಿ ಆಡಿದ ವನಿತೆಯರು. ಮೂರನೆಯದರಿಂದ ಎಲ್ಲರಿಗಿಂತ ಮೊದಲು ರಹೀಂ ಸಾಹೇಬರು. ಇದನ್ನು ಒಪ್ಪದವರು ತಮ್ಮ ಪಟ್ಟಿಯನ್ನು ಮುಂದಿಟ್ಟು ವಾದಿಸಲಿ. ಆ ವಾದದಿಂದಲೇ ಹೆಸರುಗಳು ಜೀವಂತವಾಗಿರುತ್ತವೆ.

ಈ ವಿಚಾರ ಶಾಲೆಯ ಸಂಚಿಕೆಯಲ್ಲೇಕೆ ಎಂದು ಓದುಗರು ಕೇಳಬಹುದು. ಶತಮಾನೋತ್ಸವದ ಅಂಗವಾಗಿ ನಮ್ಮ ಶಾಲೆಯಲ್ಲಿಯೂ ಕ್ರೀಡಾ ಗೌರವ ಫಲಕವೊಂದು ಸಿದ್ಧವಾಗುತ್ತಿದೆ. ಜಿಲ್ಲೆ, ರಾಜ್ಯ ಮಟ್ಟದ ಪ್ರಮಾಣಪತ್ರವುಳ್ಳವರ ಹೆಸರು ಮಾತ್ರ ಸಾಕೆಂಬ ಸಲಹೆ ಬಂದಿದೆ; ಅದು ಸುಲಭವಾದ ದಾರಿ. ಆದರೆ ಪ್ರಮಾಣಪತ್ರಗಳು ಇಲ್ಲದ ಕಾಲದಲ್ಲಿ ಆಡಿದವರು, ಸ್ಪರ್ಧೆಯೇ ಇಲ್ಲದಿದ್ದುದರಿಂದ ಅಂಗಣದಾಚೆ ಉಳಿದ ಹೆಣ್ಣುಮಕ್ಕಳು, ಸಂಜೆಯ ತನಕ ಮೈದಾನದಲ್ಲಿ ನಿಂತು ಕಲಿಸಿದ ಅಧ್ಯಾಪಕರು ಯಾವ ಕಡತದಲ್ಲಿಯೂ ಇಲ್ಲ. ಅವರನ್ನು ಬಲ್ಲ ಹಿರಿಯರು ಇಂದು ನಮ್ಮ ನಡುವೆ ಇದ್ದಾರೆ. ನಾಳೆಯ ಮಾತು ಹೇಳಲಾಗದು. ಆದುದರಿಂದ ಹಳೆವಿದ್ಯಾರ್ಥಿಗಳೂ ಹೆತ್ತವರೂ ತಮ್ಮ ನೆನಪಿನಲ್ಲಿರುವ ಹೆಸರುಗಳನ್ನು, ವರ್ಷ ಮತ್ತು ವಿವರಗಳೊಂದಿಗೆ, ಶಾಲಾ ಕಚೇರಿಗೆ ಬರೆದು ತಿಳಿಸಬೇಕೆಂದು ವಿನಂತಿಸುತ್ತೇವೆ. ಫಲಕದ ಕೆಳಭಾಗದಲ್ಲಿ ಅವರಿಗಾಗಿ ಸ್ಥಳವನ್ನು ತೆರವಾಗಿ ಬಿಡಲು ಸಮಿತಿಯನ್ನು ಕೋರಿದ್ದೇವೆ.